ಇಪ್ಪತ್ತೈದು ಗಂಟೆಗೆ ಕೂಡುವ ಗೆಳೆಯರು

ಶಾಲೆಯಲ್ಲಿ ಒಂದೇ ತರಗತಿಯಲ್ಲಿದ್ದ ಇಬ್ಬರು ವಾರಕ್ಕೊಮ್ಮೆ ನಡುರಾತ್ರಿ ರೇಡಿಯೊದಲ್ಲಿ ಹರಟುತ್ತಾರೆ. ಅದನ್ನು ಕೇಳಲು ಜಪಾನಿನ ಒಂದು ಪೀಳಿಗೆಯೇ ನಿದ್ದೆ ಬಿಟ್ಟು ಕೂತಿದೆ. ಯಾಕೆ?

2024ರ ಫೆಬ್ರವರಿ 18, ಭಾನುವಾರ. ಟೋಕಿಯೊ ಡೋಮ್ ಎಂಬುದು ಬೇಸ್‌ಬಾಲ್ ಆಟದ ಕ್ರೀಡಾಂಗಣ, ಯೊಮಿಯುರಿ ಜೈಂಟ್ಸ್ ತಂಡದ ತವರು ಅಂಗಳ. ಆ ದಿನ ಅಲ್ಲಿ 53,000 ಜನ ಸೇರಿದ್ದರು. ಬೇರೆ ಊರುಗಳ ಚಿತ್ರಮಂದಿರಗಳಲ್ಲಿ ಕೂತು ನೋಡಿದವರನ್ನೂ ಮನೆಯಲ್ಲೇ ಅಂತರ್ಜಾಲದ ಮೂಲಕ ನೋಡಿದವರನ್ನೂ ಸೇರಿಸಿದರೆ ಲೆಕ್ಕ 1,60,000 ಮುಟ್ಟುತ್ತದೆ. ಅವರೆಲ್ಲ ಬಂದದ್ದು ಒಂದು ರೇಡಿಯೊ ಕಾರ್ಯಕ್ರಮದ ಹೆಸರು ಹೇಳಿಕೊಂಡು. ನಡುವಯಸ್ಸಿನ ಇಬ್ಬರು ಗಂಡಸರು ಮೈಕಿನ ಮುಂದೆ ಕೂತು, ಇತ್ತೀಚೆಗೆ ತಮಗೆ ಏನೇನಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹಾಡು, ಅತಿಥಿ ಎಲ್ಲ ಇತ್ತು, ನಿಜ. ಆದರೆ ಆ ಜನಸಾಗರ ಕಾಯುತ್ತಿದ್ದದ್ದು ಆ ಮಾತಿಗೆ.

ಆ ಇಬ್ಬರ ಹೆಸರು ಮಸಯಾಸು ವಾಕಾಬಯಾಶಿ ಮತ್ತು ತೊಶಿಯಾಕಿ ಕಸುಗಾ. ಜೋಡಿಯ ಹೆಸರು ‘ಆಡ್ರಿ’. ಕಾರ್ಯಕ್ರಮ ‘ಆಡ್ರಿಯ ಆಲ್ ನೈಟ್ ನಿಪ್ಪಾನ್’. 2009ರ ಅಕ್ಟೋಬರಿನಿಂದ ಪ್ರತಿ ಶನಿವಾರ ರಾತ್ರಿ 25 ಗಂಟೆಗೆ ಅದು ಶುರುವಾಗುತ್ತದೆ. ಜಪಾನಿನ ಪ್ರಸಾರಲೋಕದಲ್ಲಿ ರಾತ್ರಿ ಹನ್ನೆರಡಾದರೂ ದಿನ ಮುಗಿಯುವುದಿಲ್ಲ, 24, 25, 26 ಎಂದು ಎಣಿಕೆ ಮುಂದುವರಿಯುತ್ತದೆ. ಭಾನುವಾರ ಬೆಳಗಿನ ಜಾವ ಒಂದು ಗಂಟೆ ಅವರ ಪಾಲಿಗೆ ಇನ್ನೂ ಶನಿವಾರವೇ. ಮಲಗದೆ ಕೂತವರಿಗೆ ಅದು ಹಾಗೆಯೇ ಅನ್ನಿಸುವುದರಿಂದ ಈ ಲೆಕ್ಕ ನನಗೆ ಬಹಳ ಸರಿ ಎನಿಸುತ್ತದೆ.

ಗೆಳೆಯರು ಸೇರಿ ನಡೆಸುವ ತಡರಾತ್ರಿಯ ಮಾತಿನ ಕಾರ್ಯಕ್ರಮಗಳು ಅನೇಕ ದೇಶಗಳಲ್ಲಿವೆ. ಜಪಾನಿನಷ್ಟು ಕಾಲ, ಅಷ್ಟು ಶ್ರದ್ಧೆಯಿಂದ ಅವನ್ನು ಬೆಳೆಸಿದ ಇನ್ನೊಂದು ನಾಡು ನನಗೆ ಗೊತ್ತಿಲ್ಲ. ಆ ಕಾರ್ಯಕ್ರಮಗಳ ಸೆಳೆತ ನಗುವಿನಲ್ಲಿದೆ ಎನ್ನುವವರ ಮಾತು ಪೂರ್ತಿ ಸರಿಯಲ್ಲ. ಇಬ್ಬರು ಹಳೆಯ ಗೆಳೆಯರು ತಮ್ಮ ಪಾಡಿಗೆ ಮಾತಾಡಿಕೊಳ್ಳುವಾಗ ಪಕ್ಕದಲ್ಲಿರುವ ಮೂರನೆಯವರಿಗೆ ಸುಮ್ಮನೆ ಕೂತಿರುವ ಹಕ್ಕು ಸಿಗುತ್ತದೆ. ಮಾತಾಡಬೇಕಿಲ್ಲ, ನಗಲೇಬೇಕಿಲ್ಲ, ತಾನು ಯಾರೆಂದು ಹೇಳಬೇಕಿಲ್ಲ, ಆದರೂ ಒಂಟಿಯಲ್ಲ. ಈ ಹಕ್ಕು ಹಗಲಿನ ಬದುಕಿನಲ್ಲಿ ಎಲ್ಲಿ ಸಿಗುತ್ತದೆ ಹೇಳಿ? ಕಚೇರಿಯಲ್ಲಿ ಸಿಗುವುದಿಲ್ಲ, ನೆಂಟರ ಮನೆಯಲ್ಲಂತೂ ಇಲ್ಲವೇ ಇಲ್ಲ.

ಲಾರಿ ಚಾಲಕರು, ಪರೀಕ್ಷೆಗೆ ಓದುವ ಮಕ್ಕಳು

ಆಲ್ ನೈಟ್ ನಿಪ್ಪಾನ್ ಹುಟ್ಟಿದ್ದು 1967ರ ಅಕ್ಟೋಬರಿನಲ್ಲಿ, ಟೋಕಿಯೊದ ನಿಪ್ಪಾನ್ ಬ್ರಾಡ್‌ಕಾಸ್ಟಿಂಗ್ ಕೇಂದ್ರದಲ್ಲಿ. ಆ ಹೊತ್ತಿಗೆ ಮನೆಯ ನಡುಕೋಣೆಯನ್ನು ಟೀವಿ ಹಿಡಿದುಕೊಂಡಿತ್ತು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ರೇಡಿಯೊ ಕೇಳುವ ಕಾಲ ಹೋಗಿತ್ತು. ಆದರೆ ಟ್ರಾನ್ಸಿಸ್ಟರ್ ಬಂದು ರೇಡಿಯೊ ಚಿಕ್ಕದಾಗಿತ್ತು, ಅಗ್ಗವಾಗಿತ್ತು, ಒಬ್ಬೊಬ್ಬರ ಸ್ವಂತದ್ದಾಗಿತ್ತು. ಹಗಲು ಕಳೆದುಕೊಂಡ ಕೇಳುಗರನ್ನು ಪ್ರಸಾರಕರು ಇರುಳಿನಲ್ಲಿ ಹುಡುಕಿದರು. ಅಲ್ಲಿ ಜನ ಇದ್ದರು. ದೇಶ ದಾಪುಗಾಲಿನಲ್ಲಿ ಬೆಳೆಯುತ್ತಿದ್ದ ಕಾಲ ಅದು. ಹೆದ್ದಾರಿಗಳಲ್ಲಿ ಲಾರಿಗಳು ರಾತ್ರಿಯಿಡೀ ಓಡುತ್ತಿದ್ದವು, ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಇತ್ತು, ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಲಕ್ಷಾಂತರ ಮಕ್ಕಳು ತಮ್ಮ ತಮ್ಮ ಮೇಜಿನ ದೀಪದಡಿ ಎಚ್ಚರವಾಗಿದ್ದರು. ಟಿಬಿಎಸ್ ಕೇಂದ್ರ ಅದೇ ವರ್ಷ ‘ಪ್ಯಾಕ್ ಇನ್ ಮ್ಯೂಸಿಕ್’ ಶುರುಮಾಡಿತ್ತು. ಬುಂಕಾ ಹೋಸೊ ಕೇಂದ್ರದ ‘ಸೇ! ಯಂಗ್’ 1969ರಲ್ಲಿ ಬಂತು. ಮೂರು ಕೇಂದ್ರಗಳು ಒಂದೇ ಇರುಳಿಗೆ ಪೈಪೋಟಿಗೆ ಬಿದ್ದವು.

ಮೊದಲಿಗೆ ಮೈಕಿನ ಮುಂದೆ ಕೂರುತ್ತಿದ್ದವರು ಕೇಂದ್ರದ ನೌಕರರೇ. ಅವರಲ್ಲಿ ಒಬ್ಬರಾದ ಅಕಿನೊಬು ಕಮೆಬುಚಿ ಮುಂದೆ ಅದೇ ಸಂಸ್ಥೆಯ ಅಧ್ಯಕ್ಷರಾದರು. ಆಮೇಲೆ ಗಾಯಕರು ಬಂದರು, ನಟರು ಬಂದರು. ಶುರುವಿಗೆ ಹರ್ಬ್ ಆಲ್ಪರ್ಟ್ ತಂಡದ ‘ಬಿಟರ್‌ಸ್ವೀಟ್ ಸಾಂಬಾ’ ವಾದ್ಯಸಂಗೀತ. ಅರ್ಧ ಶತಮಾನ ದಾಟಿದರೂ ಆ ತುತ್ತೂರಿಯ ದನಿ ಬದಲಾಗಿಲ್ಲ.

ಇಬ್ಬರ ಮಾತಿನ ರುಚಿಯನ್ನು ಈ ಹೊತ್ತಿಗೆ ಹತ್ತಿಸಿದವರು ಎಂದರೆ ನಾನು ಬೀಟ್ ತಾಕೇಶಿಯ ಹೆಸರು ಹೇಳುತ್ತೇನೆ. 1981ರ ಜನವರಿ 1ರಂದು ಅವರ ಆಲ್ ನೈಟ್ ನಿಪ್ಪಾನ್ ಶುರುವಾಯಿತು. ಮುಂದೆ ‘ಹನಾ-ಬಿ’ಯಂಥ ಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತರಾದ ತಾಕೇಶಿ ಕಿತಾನೊ ಇವರೇ. ಕಾರ್ಯಕ್ರಮ ಅವರ ಹೆಸರಿನದ್ದು, ಆದರೆ ಎದುರಿಗೆ ಬರಹಗಾರ ಫುಮಿಯೊ ತಕಾದಾ ಕೂತಿರುತ್ತಿದ್ದರು. ತಾಕೇಶಿ ಬಿರುಸಾಗಿ ಮಾತಾಡುತ್ತಿದ್ದರೆ ತಕಾದಾ ತಡೆಯಲಾರದೆ ನಗುತ್ತಿದ್ದರು, ನಡುನಡುವೆ ಒಂದು ಮಾತು ಎಸೆಯುತ್ತಿದ್ದರು. ಆ ನಗು ಕೇಳಿದವನಿಗೆ ತಾನೂ ಅದೇ ಕೋಣೆಯಲ್ಲಿದ್ದೇನೆ ಎನ್ನಿಸುತ್ತಿತ್ತು. ಒಬ್ಬನೇ ಮಾತಾಡುವ ನಿರೂಪಕ ನಮ್ಮನ್ನು ಉದ್ದೇಶಿಸಿ ಮಾತಾಡುತ್ತಾನೆ. ಅವನ ಮಾತು ಎಷ್ಟೇ ಆಪ್ತವಾದರೂ ಅದಕ್ಕೊಂದು ಕಿವಿಯ ಜವಾಬ್ದಾರಿ ಅಂಟಿಕೊಂಡಿರುತ್ತದೆ. ಎದುರಿಗೆ ಇನ್ನೊಬ್ಬರು ಕೂತ ಕ್ಷಣ ಆ ಭಾರ ಅವರ ಹೆಗಲಿಗೆ ಹೋಗುತ್ತದೆ, ನಾವು ಕಾಲು ಚಾಚಬಹುದು.

ನೂರು ಚದರಡಿಯ ಸಭಾಂಗಣ

ವಾಕಾಬಯಾಶಿ, ಕಸುಗಾ ಇಬ್ಬರೂ ಟೋಕಿಯೊದ ಒಂದೇ ಶಾಲೆಯವರು. ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಜೊತೆಗೆ ಆಡಿದವರು. 2000ದಲ್ಲಿ ಜೋಡಿಯಾಗಿ ಮನ್ಜಾಯ್ ಕಟ್ಟಿದರು. ಮನ್ಜಾಯ್ ಎಂದರೆ ಇಬ್ಬರು ನಿಂತುಕೊಂಡು ನಡೆಸುವ ಹಾಸ್ಯದ ಮಾತುಗಾರಿಕೆ. ಒಬ್ಬ ದಿಕ್ಕುತಪ್ಪಿ ಏನೋ ಹೇಳುತ್ತಾನೆ, ಇನ್ನೊಬ್ಬ ತಟ್ಟನೆ ತಿದ್ದುತ್ತಾನೆ. ಇವರ ಜೋಡಿ ಎಂಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ವೇದಿಕೆ ಸಿಗುತ್ತಿರಲಿಲ್ಲ, ಸಿಕ್ಕರೂ ನಗು ಬರುತ್ತಿರಲಿಲ್ಲ.

ಆ ದಿನಗಳಲ್ಲಿ ಕಸುಗಾ ಆಸಗಾಯಾ ಎಂಬಲ್ಲಿ ಹಳೆಯ ಮರದ ವಠಾರದ ಒಂದು ಕೋಣೆಯಲ್ಲಿದ್ದರು. ಆರು ಚಾಪೆಯ ಕೋಣೆ. ನಮ್ಮ ಲೆಕ್ಕದಲ್ಲಿ ಸುಮಾರು ನೂರು ಚದರಡಿ. ಸಭಾಂಗಣಕ್ಕೆ ಬಾಡಿಗೆ ಕೊಡಲಾಗದ ಇಬ್ಬರೂ ಆ ಕೋಣೆಗೇ ಪ್ರೇಕ್ಷಕರನ್ನು ಕರೆದರು. ಹತ್ತು ಜನ ಬಂದರೆ ಕೋಣೆ ತುಂಬಿತು. ಗೋಡೆ ತೆಳು, ಪಕ್ಕದ ಮನೆಯವರಿಗೆ ತೊಂದರೆಯಾಗಬಾರದು. ಹಾಗಾಗಿ ಇಬ್ಬರೂ ದನಿ ತಗ್ಗಿಸಿ ಮಾತಾಡಿದರು, ಬಂದವರೂ ನಗುವನ್ನು ಬಾಯಲ್ಲೇ ಹಿಡಿದುಕೊಂಡರು. ‘ಸಣ್ಣ ದನಿಯ ಮಾತು’ ಎಂದೇ ಆ ಕೂಟಕ್ಕೆ ಹೆಸರು. ಆ ಮಾತುಗಳು 2010ರಲ್ಲಿ ಪುಸ್ತಕವಾಗಿಯೂ ಬಂದವು.

ಈ ಕೋಣೆಯ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತಿದ್ದರೆ ಅದಕ್ಕೆ ಕಾರಣವಿದೆ. 2008ರ ಡಿಸೆಂಬರಿನ ಎಂ-1 ಗ್ರ್ಯಾನ್ ಪ್ರಿ ಸ್ಪರ್ಧೆಯಲ್ಲಿ ಈ ಜೋಡಿ ಸೋತವರ ಮರುಸುತ್ತಿನಿಂದ ಎದ್ದು ಬಂದು ಎರಡನೇ ಸ್ಥಾನ ಗೆದ್ದಿತು. ಒಂದೇ ರಾತ್ರಿಯಲ್ಲಿ ದೇಶಕ್ಕೆಲ್ಲ ಪರಿಚಯವಾಯಿತು. ಗುಲಾಬಿ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು, ಎದೆ ಉಬ್ಬಿಸಿ, ನಿಧಾನವಾಗಿ ಹೆಜ್ಜೆ ಹಾಕುತ್ತ ಬರುವ ಕಸುಗಾನನ್ನು ಟೀವಿ ಪ್ರೀತಿಸಿತು. ಟೀವಿಗೆ ಬೇಕಾದದ್ದು ಆ ನಡಿಗೆ. ಎಂ-1 ವೇದಿಕೆಯಲ್ಲಿ ಒಂದು ಜೋಡಿಗೆ ಸಿಗುವುದು ನಾಲ್ಕು ನಿಮಿಷ. ರೇಡಿಯೊ ಎರಡು ಗಂಟೆ ಕೊಡುತ್ತದೆ. ನಾಲ್ಕು ನಿಮಿಷದಲ್ಲಿ ಪಾತ್ರ ಸಾಕು, ಎರಡು ಗಂಟೆಗೆ ಮನುಷ್ಯನೇ ಬೇಕು. ಆಸಗಾಯಾದ ಕೋಣೆಯಲ್ಲಿ ಇವರು ಅಭ್ಯಾಸ ಮಾಡಿದ್ದು ಆ ಎರಡು ಗಂಟೆಯನ್ನು. ಗಟ್ಟಿ ದನಿಯಲ್ಲಿ ಹೇಳಿದರೆ ಮಾತ್ರ ನಗು ತರಿಸುವ ಮಾತುಗಳು ಅಲ್ಲಿ ಬಿದ್ದುಹೋದವು. ಮೆಲ್ಲಗೆ ಹೇಳಿದರೂ ನಿಲ್ಲುವಂಥವು ಉಳಿದುಕೊಂಡವು.

ಕಾರ್ಯಕ್ರಮದ ಬೆನ್ನೆಲುಬು ಇಷ್ಟೆ: ಈ ವಾರ ತನಗೇನಾಯಿತು ಎಂದು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಕೇಳುತ್ತಾರೆ, ತಡೆಯುತ್ತಾರೆ, ಕೆಣಕುತ್ತಾರೆ. ಕಸುಗಾ ಹೇಳಿದ ಮಾತ್ರಕ್ಕೆ ವಾಕಾಬಯಾಶಿ ನಂಬುವುದಿಲ್ಲ. ಹದಿಮೂರನೆಯ ವಯಸ್ಸಿನಿಂದ ನೋಡಿದ ಮನುಷ್ಯ. ಎಲ್ಲಿ ಬಣ್ಣ ಹಚ್ಚುತ್ತಿದ್ದಾನೆ, ಎಲ್ಲಿ ನಿಜ ಹೇಳುತ್ತಿದ್ದಾನೆ ಎಂಬುದು ಚೆನ್ನಾಗಿ ಗೊತ್ತು. ಕೇಳುತ್ತ ಕೇಳುತ್ತ ನಮಗೂ ಅದು ಗೊತ್ತಾಗತೊಡಗುತ್ತದೆ. ಹೆಸರು, ಹಣ ಎಲ್ಲ ಬಂದ ಮೇಲೂ ಕಸುಗಾ ತಿಂಗಳಿಗೆ 39,000 ಯೆನ್ ಬಾಡಿಗೆಯ ಅದೇ ಕೋಣೆಯಲ್ಲಿ 2019ರವರೆಗೆ ಉಳಿದುಕೊಂಡರು, ಮದುವೆಯಾದ ಮೇಲೆಯೇ ಬಿಟ್ಟದ್ದು. ವಾಕಾಬಯಾಶಿ ಜನರ ಜೊತೆ ಬೆರೆಯಲಾಗದ ತಮ್ಮ ಸಂಕೋಚದ ಬಗ್ಗೆ ಪ್ರಬಂಧಗಳನ್ನು ಬರೆದು ಒಳ್ಳೆಯ ಲೇಖಕರೆಂದು ಹೆಸರು ಮಾಡಿದರು. ಈ ಎರಡೂ ಸಂಗತಿ ಕೇಳುಗನಿಗೆ ಸುದ್ದಿಯಾಗಿ ಬಂದವಲ್ಲ, ವಾರವಾರ ಹನಿಹನಿಯಾಗಿ ಬಂದವು.

2019ರ ನವೆಂಬರಿನ ಒಂದು ಶನಿವಾರ ರಾತ್ರಿ ವಾಕಾಬಯಾಶಿ ತಮ್ಮ ಮದುವೆಯ ವಿಷಯವನ್ನು ನೇರ ಪ್ರಸಾರದಲ್ಲೇ ಹೊರಗೆಡವಿದರು. ಎದುರಿಗೆ ಕೂತ ಕಸುಗಾನಿಗೂ ಅದು ಗೊತ್ತಿರಲಿಲ್ಲ. ಇಷ್ಟು ವರ್ಷದ ಗೆಳೆಯ ಇಂಥ ಸುದ್ದಿಯನ್ನು ಮುಚ್ಚಿಟ್ಟನೇ ಎಂದು ಹೊರಗಿನವರಿಗೆ ಅನ್ನಿಸಬಹುದು. ನನಗೆ ಅದು ಹಾಗೆ ಕಾಣುವುದಿಲ್ಲ. ಅವರ ಗೆಳೆತನ ಬದುಕುತ್ತಿರುವ ಜಾಗವೇ ಆ ಮೇಜು. ಮುಖ್ಯವಾದ ಮಾತನ್ನು ಆ ಜಾಗಕ್ಕೆಂದೇ ಎತ್ತಿಟ್ಟುಕೊಂಡಿದ್ದರು. ಕಸುಗಾ ಬೆಚ್ಚಿಬಿದ್ದ ಗಳಿಗೆಯಲ್ಲೇ ಸಾವಿರಾರು ಮಂದಿಯೂ ಬೆಚ್ಚಿಬಿದ್ದರು. ಜೀವದ ಗೆಳೆಯನಿಗೆ ತಿಳಿದ ಗಳಿಗೆಗೇ ತಮಗೂ ತಿಳಿಯಿತು ಎಂಬ ಆ ಸಮಾನತೆಯನ್ನು ಯಾವ ಪತ್ರಿಕಾ ಹೇಳಿಕೆಯೂ ಕೊಡಲಾರದು.

ಕಾರ್ಡು ಬರೆಯುವವರು

ಸುಮ್ಮನೆ ಕೂರುವ ಹಕ್ಕಿನ ಬಗ್ಗೆ ಹೇಳಿದೆ. ಆದರೆ ಕೆಲವರು ಸುಮ್ಮನಿರಲಾರರು. ಜಪಾನಿನ ತಡರಾತ್ರಿ ರೇಡಿಯೊ ನಡೆದದ್ದೇ ಕೇಳುಗರು ಕಳಿಸುವ ಅಂಚೆ ಕಾರ್ಡುಗಳ ಮೇಲೆ. ಇಂಥ ವಿಷಯಕ್ಕೆ ಇಂಥ ನಗೆಮಾತು ಬರೆದು ಕಳಿಸಿ ಎಂದು ಕಾರ್ಯಕ್ರಮ ಕೇಳುತ್ತದೆ, ಜನ ಬರೆಯುತ್ತಾರೆ, ನಿರೂಪಕರು ಓದುತ್ತಾರೆ. ಈಗ ಕಾರ್ಡಿನ ಜಾಗಕ್ಕೆ ಇ-ಮೇಲ್ ಬಂದಿದೆ. ಬರೆಯುವವರು ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ವರ್ಷಗಟ್ಟಲೆ ಕೇಳಿದವರಿಗೆ ಆ ಅಡ್ಡಹೆಸರುಗಳೂ ನೆರೆಮನೆಯವರಷ್ಟು ಪರಿಚಿತ. ಆಡ್ರಿಯ ಕೇಳುಗರು ತಮ್ಮನ್ನು ‘ಲಿಟಲ್ ಟೂತ್’ ಎಂದು ಕರೆದುಕೊಳ್ಳುತ್ತಾರೆ. ಹೀಗೆ ಬರೆಯುತ್ತ ಬರೆಯುತ್ತ ವೃತ್ತಿಪರ ಹಾಸ್ಯ ಬರಹಗಾರರಾದವರು ಎಷ್ಟೋ ಮಂದಿ.

ಅವರಲ್ಲಿ ತಕಾಯುಕಿ ತ್ಸುಚಿಯಾ ಎಂಬವರ ಕಥೆ ನನ್ನನ್ನು ಬಿಟ್ಟುಹೋಗಿಲ್ಲ. ಒಸಾಕಾದ ಹುಡುಗ. ಬೇರೆ ಎಲ್ಲವನ್ನೂ ಬಿಟ್ಟು ನಗೆಮಾತು ಹೊಸೆಯುವುದರಲ್ಲೇ ಮುಳುಗಿದ್ದ. ಆಡ್ರಿಯ ಕಾರ್ಯಕ್ರಮಕ್ಕೆ ಕಳಿಸಿದ್ದು ಒಂದಾದ ಮೇಲೊಂದು ಓದಿಸಿಕೊಂಡಿತು. ಆ ಪ್ರತಿಭೆಯನ್ನು ಕಂಡ ವಾಕಾಬಯಾಶಿ ಅವನನ್ನು ಟೋಕಿಯೊಗೆ ಕರೆಸಿ ಬರಹಗಾರನಾಗಿ ಪಳಗಲು ಅವಕಾಶ ಕೊಟ್ಟರು. ಆದರೆ ಕಾಗದದ ಮೇಲೆ ಅಷ್ಟು ಚುರುಕಾಗಿದ್ದವನಿಗೆ ಜನರ ನಡುವೆ ಕೆಲಸ ಮಾಡುವುದು ಆಗಿಬರಲಿಲ್ಲ. ನಮಸ್ಕಾರ, ಕುಶಲ, ಹಿರಿಯರ ಮರ್ಜಿ, ಕೂಟಗಳು ಯಾವುದೂ ಒಗ್ಗಲಿಲ್ಲ. ಅವನು ಒಸಾಕಾಕ್ಕೆ ಮರಳಿದ. ಆ ಅನುಭವವನ್ನು ಬರೆದ ‘ನಗುವಿನ ರಾಕ್ಷಸ’ ಎಂಬರ್ಥದ ಆತ್ಮಕಥನ 2017ರಲ್ಲಿ ಪುಸ್ತಕವಾಗಿ ಬಂತು, 2024ರ ಜನವರಿಯಲ್ಲಿ ಚಲನಚಿತ್ರವಾಯಿತು. ಕೇಳುಗನಾಗಿ ಆ ಕೋಣೆಯಲ್ಲಿ ಅವನಿಗಿದ್ದ ನೆಮ್ಮದಿ ನಿಜವಾಗಿ ಬಾಗಿಲು ದಾಟಿ ಒಳಗೆ ಹೋದಾಗ ಸಿಗಲಿಲ್ಲ. ಗೆಳೆಯರ ಮಾತಿಗೆ ಹೊರಗಿನಿಂದ ಕಿವಿಗೊಡುವವರಲ್ಲಿ ಹಲವರು ಅವನಂತೆ ಮಾತಿಗೆ ಹೆದರುವವರು, ಮಾತಿಗಾಗಿ ಹಂಬಲಿಸುವವರು. ಕಾರ್ಯಕ್ರಮ ಅವರ ಹಂಬಲವನ್ನು ತಣಿಸುತ್ತದೆ. ಹೆದರಿಕೆಯನ್ನು ಕಳೆಯುವ ಶಕ್ತಿ ಅದಕ್ಕಿಲ್ಲ, ಅದನ್ನು ಅದರಿಂದ ನಿರೀಕ್ಷಿಸುವುದೂ ತಪ್ಪು.

ಯಾಬೆ ಬಂದು ಕೂತ ರಾತ್ರಿ

ಗೆಳೆಯರ ಕೋಣೆಗೆ ಇನ್ನೊಂದು ಮುಖವಿದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಡಬಾರದ್ದನ್ನೂ ಆಡುತ್ತಾರೆ.

ತಕಾಶಿ ಒಕಾಮುರಾ ಮತ್ತು ಹಿರೊಯುಕಿ ಯಾಬೆ ಅವರ ‘ನೈಂಟಿನೈನ್’ ಜೋಡಿ ಹುಟ್ಟಿದ್ದು ಒಸಾಕಾ ಪ್ರಾಂತ್ಯದ ಒಂದು ಪ್ರೌಢಶಾಲೆಯ ಫುಟ್‌ಬಾಲ್ ತಂಡದಲ್ಲಿ. ಒಕಾಮುರಾ ಒಂದು ವರ್ಷಕ್ಕೆ ಹಿರಿಯರು. 1994ರಿಂದ 2014ರವರೆಗೆ ಇಪ್ಪತ್ತು ವರ್ಷ ಇವರು ಗುರುವಾರದ ಆಲ್ ನೈಟ್ ನಿಪ್ಪಾನ್ ನಡೆಸಿದರು. 2010ರಲ್ಲಿ ಒಕಾಮುರಾ ಅನಾರೋಗ್ಯದಿಂದ ತಿಂಗಳುಗಟ್ಟಲೆ ಕೆಲಸ ಬಿಟ್ಟಾಗ ಯಾಬೆ ಒಬ್ಬರೇ ಮೈಕಿನ ಮುಂದೆ ಕೂತು ಗೆಳೆಯನ ಜಾಗವನ್ನು ಕಾದರು. 2014ರ ಬಳಿಕ ಯಾಬೆ ಹೊರಬಂದರು, ಕಾರ್ಯಕ್ರಮ ಒಕಾಮುರಾ ಒಬ್ಬರದಾಯಿತು.

2020ರ ಏಪ್ರಿಲ್ 23ರ ರಾತ್ರಿ ಒಕಾಮುರಾ ಒಂದು ಮಾತು ಆಡಿದರು. ಕೊರೋನಾ ಮುಗಿದ ಮೇಲೆ ಹಣದ ಕಷ್ಟಕ್ಕೆ ಸಿಲುಕಿದ ಚೆಂದದ ಹುಡುಗಿಯರು ಲೈಂಗಿಕ ಉದ್ಯಮಕ್ಕೆ ಬರುತ್ತಾರೆ, ಅಲ್ಲಿಯವರೆಗೆ ತಾಳಿಕೊಳ್ಳಿ ಎಂಬ ಅರ್ಥದ ಮಾತು. ದೇಶವೇ ಕೆರಳಿತು, ಕೆರಳಬೇಕಾದದ್ದೇ. ಹಿಂದಾಗಿದ್ದರೆ ಅದು ಇರುಳಿನಲ್ಲೇ ಕರಗಿಹೋಗುತ್ತಿತ್ತೇನೋ. ಆದರೆ 2010ರಲ್ಲಿ ಬಂದ ‘ರೇಡಿಕೊ’ ಆ್ಯಪ್ ಜಪಾನಿನ ರೇಡಿಯೊವನ್ನು ಮೊಬೈಲಿಗೆ ತಂದಿತ್ತು. 2016ರಿಂದ ಹಿಂದಿನ ಒಂದು ವಾರದ ಕಾರ್ಯಕ್ರಮಗಳನ್ನು ಬೇಕಾದಾಗ ಕೇಳುವ ಸೌಲಭ್ಯವೂ ಸಿಕ್ಕಿತ್ತು. ಇರುಳಿನ ಮಾತು ಹಗಲಿನ ಸುದ್ದಿಯಾಗತೊಡಗಿತ್ತು.

ಮುಂದಿನ ವಾರ, ಏಪ್ರಿಲ್ 30ರಂದು ಒಕಾಮುರಾ ಕ್ಷಮೆ ಕೇಳಿದರು. ಆ ರಾತ್ರಿ ಸ್ಟುಡಿಯೊಗೆ ಯಾಬೆ ಬಂದರು. ಸಮಾಧಾನ ಹೇಳಲು ಬರಲಿಲ್ಲ. ನೇರ ಪ್ರಸಾರದಲ್ಲೇ ಗೆಳೆಯನನ್ನು ದೀರ್ಘವಾಗಿ ತರಾಟೆಗೆ ತೆಗೆದುಕೊಂಡರು. ಹೆಂಗಸರನ್ನು ನೋಡುವ ನಿನ್ನ ರೀತಿಯೇ ಸರಿಯಿಲ್ಲ ಎಂದರು. ಧನ್ಯವಾದ, ಕ್ಷಮಿಸಿ ಎಂಬ ಎರಡು ಮಾತು ಹೇಳಲು ನಿನಗೆ ಬರುವುದಿಲ್ಲ ಎಂದು ಹಳೆಯ ಗಾಯಗಳನ್ನೂ ತೆರೆದರು. ಜೋಡಿಯಾಗಿ ಎಷ್ಟು ಸಲ ಒಡೆಯುವ ಹಂತಕ್ಕೆ ಬಂದಿದ್ದೆವು ಎಂಬುದೂ ಹೊರಬಿತ್ತು. ಮೂವತ್ತು ವರ್ಷದ ಒಡನಾಟದಲ್ಲಿ ನುಂಗಿಕೊಂಡದ್ದೆಲ್ಲ ಆಚೆ ಬಂತು. ಯಾಬೆಯ ಮಾತೆಲ್ಲ ಸರಿಯಾಗಿತ್ತು ಎಂದಲ್ಲ. ಮದುವೆಯಾದರೆ ನಿನ್ನ ನೋಟ ಬದಲಾದೀತು ಎಂಬ ಸಲಹೆಗೆ ಟೀಕೆ ಬಂತು, ಆ ಟೀಕೆಯೂ ನ್ಯಾಯವಾದದ್ದೇ. ತಪ್ಪಾಗಿದ್ದು ಹೆಂಗಸರ ವಿಷಯದಲ್ಲಿ, ತಿದ್ದುವ ಮಾತು ಮಾತ್ರ ಇಬ್ಬರು ಗಂಡಸರ ನಡುವೆಯೇ ಸುತ್ತಿತು.

ಆದರೂ ಆ ರಾತ್ರಿಯನ್ನು ನಾನು ತಡರಾತ್ರಿ ರೇಡಿಯೊದ ಇತಿಹಾಸದಲ್ಲಿ ದೊಡ್ಡ ರಾತ್ರಿ ಎಂದೇ ಎಣಿಸುತ್ತೇನೆ. ಬೇರೆ ಯಾವ ಮಾಧ್ಯಮದಲ್ಲಾದರೂ ಒಂದು ಪತ್ರಿಕಾಗೋಷ್ಠಿ, ತಲೆ ಬಾಗಿಸಿದ ಒಂದು ಚಿತ್ರ, ಅಷ್ಟಕ್ಕೆ ಮುಗಿಯುತ್ತಿತ್ತು. ಇಲ್ಲಿ ಜನ ಕೇಳಿದ್ದು, ತಪ್ಪು ಮಾಡಿದ ಮನುಷ್ಯನ ಮುಂದೆ ಅವನನ್ನು ಬಿಟ್ಟುಹೋಗದ ಗೆಳೆಯ ಕೂತು ಕಹಿ ಮಾತು ಆಡುವುದನ್ನು. ಮನ್ಜಾಯ್‌ನಲ್ಲಿ ದಿಕ್ಕುತಪ್ಪಿದ ಮಾತನ್ನು ಜೊತೆಗಾರ ತಿದ್ದಿದರೆ ನಗು ಹುಟ್ಟುತ್ತದೆ. ಆ ರಾತ್ರಿ ಅದೇ ತಿದ್ದುವ ಕೆಲಸ ನಗುವಿಲ್ಲದೆ ನಡೆಯಿತು. ಮೇ ತಿಂಗಳಲ್ಲಿ ಯಾಬೆ ಕಾರ್ಯಕ್ರಮಕ್ಕೇ ಮರಳಿದರು. ಅದು ಮತ್ತೆ ‘ನೈಂಟಿನೈನ್‌’ನ ಆಲ್ ನೈಟ್ ನಿಪ್ಪಾನ್ ಆಯಿತು.

ಮೇಜು ತೆಗೆದಾಗ

ಅಮೆರಿಕದ ತಡರಾತ್ರಿಯ ಟೀವಿ ಕಾರ್ಯಕ್ರಮಗಳ ವಿನ್ಯಾಸವೇ ಬೇರೆ. ಒಂದು ಮೇಜು, ಅದರ ಹಿಂದೆ ಕೋಟು ತೊಟ್ಟ ನಿರೂಪಕ, ಪಕ್ಕದ ಕುರ್ಚಿಯಲ್ಲಿ ತನ್ನ ಹೊಸ ಚಿತ್ರದ ಬಗ್ಗೆ ಹೇಳಲು ಬಂದ ನಟ. ಅದು ಚುರುಕಾಗಿರುತ್ತದೆ, ಆದರೆ ಇಬ್ಬರಿಗೂ ಕೆಲಸವಿರುತ್ತದೆ. 2023ರ ಮೇ ತಿಂಗಳಲ್ಲಿ ಚಿತ್ರಕಥೆಗಾರರ ಮುಷ್ಕರ ಶುರುವಾಗಿ ಈ ಕಾರ್ಯಕ್ರಮಗಳೆಲ್ಲ ನಿಂತವು. ಆಗ ಸ್ಟೀಫನ್ ಕೋಲ್ಬೇರ್, ಜಿಮ್ಮಿ ಕಿಮ್ಮೆಲ್, ಜಿಮ್ಮಿ ಫಾಲನ್, ಸೆತ್ ಮೇಯರ್ಸ್, ಜಾನ್ ಆಲಿವರ್ ಐವರೂ ಸೇರಿ ‘ಸ್ಟ್ರೈಕ್ ಫೋರ್ಸ್ ಫೈವ್’ ಎಂಬ ಪಾಡ್‌ಕಾಸ್ಟ್ ಮಾಡಿದರು. ಬಂದ ಹಣ ಕೆಲಸವಿಲ್ಲದೆ ಕೂತ ತಮ್ಮ ಸಿಬ್ಬಂದಿಗೆ. ಪೈಪೋಟಿಯವರು ಎಂದು ಜನ ತಿಳಿದಿದ್ದ ಐವರು ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರುತ್ತ, ಕಾಲೆಳೆಯುತ್ತ, ಹೊಟ್ಟೆ ತುಂಬ ನಕ್ಕರು. ಮೇಜು ಇರಲಿಲ್ಲ, ಮಾರುವ ಚಿತ್ರವೂ ಇರಲಿಲ್ಲ. ಅವರ ಎಷ್ಟೋ ಹೊಳಪಿನ ಸಂಚಿಕೆಗಳಿಗಿಂತ ಆ ಕೆಲವು ವಾರಗಳ ಗದ್ದಲವೇ ನನಗೆ ಹೆಚ್ಚು ಹತ್ತಿರವಾಯಿತು.

ಶುಕ್ರವಾರ ಸಂಜೆ ಐದಕ್ಕೆ

ಜಪಾನಿನ ತಡರಾತ್ರಿಯ ಮೇಜುಗಳಲ್ಲಿ ಜೋಡಿಯಾಗಿ ಕೂತವರು ಬಹುಪಾಲು ಗಂಡಸರು. ಟಿಬಿಎಸ್ ಕೇಂದ್ರದ ನಡುರಾತ್ರಿಯ ‘ಜಂಕ್’ ಸಾಲಿನಲ್ಲೂ ಬಕುಶೊ ಮೊಂದಾಯ್, ಬನಾನಮಾನ್‌ನಂಥ ಗಂಡಸರ ಜೋಡಿಗಳೇ. ಹಾಡುಗಾರ್ತಿ ಮಿಯುಕಿ ನಕಾಜಿಮಾ 1979ರಿಂದ 1987ರವರೆಗೆ ಆಲ್ ನೈಟ್ ನಿಪ್ಪಾನ್ ನಡೆಸಿ ಮನೆಮಾತಾದರು, ಆದರೆ ಅವರು ಕೂತದ್ದು ಒಬ್ಬರೇ. ಇಬ್ಬರು ಗೆಳತಿಯರು ತಮ್ಮ ಪಾಡಿಗೆ ಹರಟುವ ಇರುಳು ಅಪರೂಪವಾಗಿಯೇ ಉಳಿಯಿತು.

ಆ ಕೊರತೆಗೆ ಉತ್ತರ ಇರುಳಿನಿಂದ ಬರಲಿಲ್ಲ, ಪಾಡ್‌ಕಾಸ್ಟಿನಿಂದ ಬಂತು. 2020ರ ಅಕ್ಟೋಬರಿನಲ್ಲಿ ಅದೇ ಟಿಬಿಎಸ್‌ನಲ್ಲಿ ‘ಓವರ್ ದ ಸನ್’ ಶುರುವಾಯಿತು. ನಡೆಸುವವರು ಅಂಕಣಗಾರ್ತಿ ಜೇನ್ ಸು ಮತ್ತು ನಿರೂಪಕಿ ಮಿಕಾ ಹೋರಿಯಿ. ಇಬ್ಬರೂ ನಡುವಯಸ್ಸಿನವರು, ಹಳೆಯ ಗೆಳತಿಯರು. ವಯಸ್ಸಾದ ತಂದೆತಾಯಿ, ಬದಲಾಗುತ್ತಿರುವ ಮೈ, ಒಂಟಿ ಬದುಕು, ಹಣ, ಆಯಾಸ. ಏನು ಬಂದರೂ ಇಬ್ಬರೂ ಅದರ ಮೇಲೆ ಬಿದ್ದು ನಗುತ್ತಾರೆ. ಹೊಸ ಸಂಚಿಕೆ ಬರುವುದು ಶುಕ್ರವಾರ ಸಂಜೆ ಐದಕ್ಕೆ. ಕೇಳುಗರನ್ನು ಅವರು ಪರಸ್ಪರ ನೆರವಿನ ಸಂಘದ ಸದಸ್ಯರು ಎಂದು ಕರೆಯುತ್ತಾರೆ. ವಾರವಿಡೀ ದುಡಿದು ಮನೆಗೆ ಹೊರಟ ಹೆಂಗಸು ರೈಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಹೊತ್ತು ಅದು. ರಾತ್ರಿ ಒಂದಕ್ಕೆ ಎಚ್ಚರವಾಗಿರುವ ಸ್ವಾತಂತ್ರ್ಯ ಅವಳಿಗೆ ಹದಿನೇಳನೆಯ ವಯಸ್ಸಿನಲ್ಲಿ ಇದ್ದಿರಬಹುದು. ಈಗ ಬೆಳಿಗ್ಗೆ ಏಳಬೇಕು, ಅಡುಗೆಯಾಗಬೇಕು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಇಬ್ಬರು ಅವಳಿದ್ದ ಹೊತ್ತಿಗೇ ಹರಟೆಯನ್ನು ತಂದರು. ಇರುಳಿನ ಮೇಜುಗಳನ್ನು ಹಂಚುವ ಕೇಂದ್ರಗಳ ಅಧಿಕಾರಿಗಳು ಈ ಸಂಘದ ಸದಸ್ಯರ ಪಟ್ಟಿಯನ್ನು ಒಮ್ಮೆ ನೋಡಬೇಕು ಎಂಬುದು ನನ್ನ ಆಸೆ.